ಮೊದಲ ಒಲೆಯ ರೊಟ್ಟಿ

ಹೊಗೆ ಇವತ್ತು ನೇರ ನನ್ನ ಕಣ್ಣಿಗೇ ಬರುತ್ತಿದೆ, ಬೇರೆ ಯಾರ ಕಣ್ಣೂ ಅದಕ್ಕೆ ಸಿಕ್ಕಿಲ್ಲ, ಮಠದ ಹಿತ್ತಲು ಇಷ್ಟು ದೊಡ್ಡದು, ಒಲೆಗಳ ಸಾಲು ಬೆಟಗೇರಿಯಿಂದ ಮುಂಡರಗಿಯವರೆಗೆ ಉದ್ದ ಎಂದರೂ ಸುಳ್ಳಲ್ಲ, ಚೂರು ಸುಳ್ಳಿರಬಹುದು, ಇರಲಿ — ಹೊಗೆ ಮಾತ್ರ ಈ ಮೈಲಾರಲಿಂಗಪ್ಪನನ್ನೇ ಹುಡುಕಿಕೊಂಡು ಬಂದಿದೆ, ಇಲ್ಲಿ ಯಾರ ಮಾತು ನಡೆಯುತ್ತದೆಂದು ಅದಕ್ಕೂ ಗೊತ್ತು. ಸೀಟಿ ಕೊರಳಲ್ಲಿದೆ, ಕೈ ಅದನ್ನು ಹಿಡಿದಿದೆ, ಬಾಯಿಗೆ ಒಯ್ಯುತ್ತಿಲ್ಲ. ಮೊದಲು ಒಂದು ಹೆಸರು ಹೇಳಬೇಕು. ಮೊದಲ ಒಲೆಗೆ ಯಾರು ಎಂದು ನಾನು ಹೇಳಬೇಕು, ಅವಳು ಬಡಿದ ರೊಟ್ಟಿಯನ್ನು ನಾನು ಮಠದ ಅಜ್ಜನ ಗದ್ದುಗೆಗೆ ಒಯ್ಯಬೇಕು, ಆಮೇಲೆ ಸೀಟಿ, ಅಲ್ಲಿಯವರೆಗೆ ಉಳಿದ ಯಾವ ಹಂಚಿನ ಮೇಲೂ ರೊಟ್ಟಿ ಬೀಳುವಂತಿಲ್ಲ, ಈ ಮಠದ ಪದ್ಧತಿ ಅದು, ಶ್ರಾವಣದ ದಾಸೋಹ ಶುರುವಾಗುವುದೇ ಹಾಗೆ. ಇಷ್ಟು ವರ್ಷ ಯೋಚನೆ ಏನಿತ್ತು, ಅಮೃತವ್ವಾ ಎನ್ನುತ್ತಿದ್ದೆ, ಮುಗಿಯಿತು. ಹೆಂಗಸರು ಹಿಟ್ಟಿನ ಉಂಡೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಮೊದಲ ಒಲೆಯ ಮುಂದೆ ಖಾಲಿ ಮಣೆ, ನನ್ನ ಹೆಂಡತಿಯ ಮಣೆ, ಬೆಂಕಿ ಯಾರು ಹಾಕಿದರೋ, ಉರಿಯುತ್ತಿದೆ.

ನನ್ನ ಸೀಟಿ ಅಂದರೆ ಸಾಮಾನ್ಯವೇ, ಒಮ್ಮೆ ಊದಿದಾಗ ಗದಗ ಜಂಕ್ಷನ್ನಿನಲ್ಲಿ ಹೊರಟಿದ್ದ ರೈಲು ಗಕ್ಕನೆ ನಿಂತಿತ್ತು, ಸ್ಟೇಷನ್ ಮಾಸ್ತರ ಓಡಿ ಬಂದು ಕೈಮುಗಿದ, ಹಗೂರಕ ಊದ್ರಿ ಎಪ್ಪಾ. ಸೇವೆಗೆ ಬಂದವರನ್ನು ಆಳುವುದು ಆಟವಲ್ಲ, ಪಗಾರ ಇಲ್ಲದವನನ್ನು ಬೈಯುವಂತಿಲ್ಲ, ಬೈದರೆ ಟಾವೆಲ್ ಕೊಡವಿ ಹೆಗಲಿಗೇರಿಸಿ ನಡೆದೇಬಿಡುತ್ತಾನೆ, ಎಲ್ಲರಿಗೂ ಹುಗ್ಗಿ ಬಡಿಸುವ ಕೆಲಸವೇ ಬೇಕು, ಹುಗ್ಗಿಯ ಬಕೆಟ್ಟು ಹಿಡಿದವನನ್ನು ಇಡೀ ಪಂಕ್ತಿ ನೋಡುತ್ತದೆ, ಹಂಡೆ ತಿಕ್ಕುವವನನ್ನು ಕಾಗೆಯೂ ನೋಡುವುದಿಲ್ಲ. ಅರಿವೆ ಅಂಗಡಿ ದೇವಪ್ಪ ಕಾರಿನಿಂದ ಇಳಿದು ನನಗೂ ಏನರ ಸೇವಾ ಕೊಡ್ರಿ ಎಂದಾಗ, ಚಪ್ಪಲಿ ಕಾಯ್ರಿ ಸಾವ್ಕಾರ್ರ, ಭಕ್ತರ ಪಾದದ ಧೂಳಿ ನಿಮಗಂತನ ಉಳಿಸೇನಿ ಎಂದೆ, ಈಗ ಅವನನ್ನು ಅಲ್ಲಿಂದ ಎಬ್ಬಿಸಲು ಜೆಸಿಬಿ ತರಿಸಬೇಕು. ಅಮೃತವ್ವ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು, ಊರಿಗೆಲ್ಲಾ ಕೆಲಸಾ ಹಚ್ಚತೀರಿ, ನಿಮಗ್ಯಾರು ಹಚ್ಚಬೇಕ್ರಿ, ಮುಂಜಾನೆ ಕುಡದ ಚಾದ ಕಪ್ಪ ಇನ್ನೂ ಕಟ್ಟಿ ಮ್ಯಾಲ ಐತಿ — ಕಪ್ಪು ಈಗಲೂ ಕಟ್ಟೆಯ ಮೇಲಿದೆ, ಒಳಗೆ ಇರುವೆ ಸತ್ತಿವೆ, ಯಾರೂ ನಗುವುದಿಲ್ಲ.

ಅವಳ ಬೆರಳು. ಹುಡುಗಿಯಾಗಿದ್ದಾಗ ತವರಿನ ಮಗ್ಗಕ್ಕೆ ಸಿಕ್ಕಿ ಸೊಟ್ಟಗಾದದ್ದು, ಎಷ್ಟು ಎಣ್ಣೆ ತಿಕ್ಕಿದರೂ ನೆಟ್ಟಗಾಗಲಿಲ್ಲ, ರೊಟ್ಟಿ ಎತ್ತಿ ಹಂಚಿಗೆ ಹಾಕುವಾಗ ಅದು ಅಂಚಿನಲ್ಲಿ ಒಂದು ತಗ್ಗು ಒತ್ತಿಬಿಡುತ್ತಿತ್ತು, ಹುಣಸೆ ಬೀಜದಷ್ಟು. ಗುಡ್ಡದಂಥ ರೊಟ್ಟಿ ರಾಶಿಯಲ್ಲಿ ಕಣ್ಣು ಮುಚ್ಚಿ ಕೈಯಾಡಿಸಿ, ತೊಗೊ, ಇದು ನನ್ನಾಕಿದು ಎಂದು ಎಳೆದು ತೋರಿಸುತ್ತಿದ್ದೆ, ಲಕ್ಷ್ಮೇಶ್ವರದವರು, ಶಿರಹಟ್ಟಿಯವರು ಪಂಥ ಕಟ್ಟಿ ಕಟ್ಟಿ ಸೋತರು, ನನ್ನ ಖ್ಯಾತಿ ಹುಬ್ಬಳ್ಳಿ ದಾಟಿತ್ತು, ಅವಳಿಗೆ ಮಾತ್ರ ನಾಚಿಕೆ, ಮಂದ್ಯಾಗ ಸುಮ್ಮನಿರ್ರಿ, ಡೊಂಕ ಬೆರಳಿಂದೇನ್ ದೊಡ್ಡಸ್ತಿಕಿ.

ಏನ್ರೀ ಮೈಲಾರಪ್ಪಾರ, ಸೀಟಿ ನುಂಗಿಬಿಟ್ರೇನು, ಹಂಚ ಕೆಂಡ ಆಗ್ಯಾವು, ಹಸದ ಮಂದಿ ಬಂದು ನಮ್ಮನ್ನ ಕಡಕೊಂಡು ತಿಂದಾರು — ಎರಡನೆಯ ಒಲೆಯ ಕರಿಯವ್ವ, ನಾಲಿಗೆಯಿಂದಲೇ ಕಟ್ಟಿಗೆ ಸೀಳುವವಳು. ಸಾಲೆಲ್ಲ ನಕ್ಕಿತು, ತಟ್ಟನೆ ನಿಂತಿತು. ಅವಳೂ ದನಿ ಇಳಿಸಿದಳು, ಯಾರನ್ನರ ಕುಂಡ್ರಸ್ರಿ ಎಪ್ಪಾ, ಒಲಿಗೇನ್ ಗೊತ್ತಾಗತೈತಿ, ಯಾರು ಹ್ವಾದ್ರು ಯಾರು ಬಂದ್ರು. ಒಲೆಗೆ ಗೊತ್ತಾಗುವುದಿಲ್ಲ, ಖರೆ. ಹೆಸರು ಹೇಳಿದ ಬಾಯಿಗೆ ಗೊತ್ತಾಗುತ್ತದೆ, ಬೇರೆ ಹೆಸರು ಹೇಳಿದ ಕೂಡಲೇ ಅಮೃತವ್ವ ಹೋದಳು, ಹೇಳುವವರೆಗೆ ಹೋಗಿಲ್ಲ, ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದಾಳೆ, ಬಂದಾಳು. ಆಷಾಢದಲ್ಲಿ ಅವಳನ್ನು ಮಣ್ಣು ಮಾಡಲು ಬಂದವರಿಗೂ ನಾನೇ ಕೆಲಸ ಹಂಚಿದೆ, ನೀ ಹೂವು, ನೀ ವಿಭೂತಿ, ನೀ ನೀರಿನ ಕೊಡ, ಹತ್ತು ಊರಿನವರು ಬೆರಗಾಗಿ ನಿಂತರು, ಎಂಥ ಬಂದೋಬಸ್ತ ಅಂತೀನಿ, ಅಷ್ಟು ಚೊಕ್ಕ ಮಣ್ಣು ರಾಜರಿಗೂ ಆಗಿರಲಿಕ್ಕಿಲ್ಲ, ಅಳುವ ಕೆಲಸ ಯಾರಿಗೆ ಹಚ್ಚಿದೆನೋ ನೆನಪಿಲ್ಲ.

ಅಮೃ — ನಾಲಿಗೆ ಹಳೆಯ ಎತ್ತು, ಬಿಟ್ಟರೆ ತನ್ನ ದಾರಿ ತಾನೇ ಹಿಡಿಯುತ್ತದೆ, ಜಗ್ಗಿ ನಿಲ್ಲಿಸಿದೆ, ಎಲ್ಲರಿಗೂ ಕೇಳಿಸಿತು, ಒಬ್ಬಳೂ ತಲೆ ಎತ್ತಲಿಲ್ಲ, ಹೊಗಿ, ಹೊಗಿ ನೆತ್ತಿಗೇರತು ಎಂದು ಕೆಮ್ಮಿದೆ. ಶೈಲಾ, ಮೊದಲ ಒಲಿ. ಹೇಳಿಬಿಟ್ಟೆ. ಶೈಲಾ ನನ್ನ ತಮ್ಮನ ಸೊಸೆ, ರೊಟ್ಟಿ ಬಡಿಯುವುದನ್ನು ಅಮೃತವ್ವನ ಪಕ್ಕದಲ್ಲೇ ಕೂತು ಕಲಿತವಳು, ನನಗ ಬ್ಯಾಡ್ರಿ ಮಾವಾರ, ದೊಡ್ಡತ್ತಿ ಜಾಗಾ ಅದು ಎಂದಳು, ಹುಕುಂ ಅಂದ್ರ ಹುಕುಂ, ಕುಂಡ್ರವಾ ಎಂದೆ, ನನ್ನ ದನಿಗೆ ಗುಡಿಯ ಗಂಟೆ ತಾನೇ ಅಲ್ಲಾಡುತ್ತದೆ ಎನ್ನುತ್ತಾರೆ, ಇವತ್ತು ಒಲೆಯ ಬೂದಿಯೂ ಅಲ್ಲಾಡಲಿಲ್ಲ. ಕೂತಳು, ಮಣೆಯ ಅರ್ಧಕ್ಕೆ ಮಾತ್ರ, ಉಳಿದರ್ಧ ಬಿಟ್ಟು. ಬಡಿಯುತ್ತಿದ್ದಾಳೆ, ಟಪ್ ಟಪ್, ಅದೇ ಸಪ್ಪಳ, ಅದೇ ಬಳೆ ಹಿಂದಕ್ಕೆ ಸರಿಯುವುದು, ಕಣ್ಣು ಮುಚ್ಚಿದರೆ ಅವಳೇ, ತೆರೆಯಬಾರದಿತ್ತು, ಎತ್ತಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು, ಉಬ್ಬಿತು. ತಟ್ಟೆಯಲ್ಲಿಟ್ಟು ತಂದುಕೊಟ್ಟಳು, ತೊಗೊರ್ರಿ ಮಾವಾರ, ಗದ್ದಗಿಗೆ. ಹುಣ್ಣಿಮೆಯ ಚಂದ್ರನೂ ಇಷ್ಟು ದುಂಡಗಿಲ್ಲ, ಮೂರು ಲೋಕದಲ್ಲಿ ಇಂಥ ರೊಟ್ಟಿ ಯಾರೂ ಬಡಿದಿಲ್ಲ, ಎಲ್ಲ ಉಂಡೆಗಳೂ ಕಾಯುತ್ತಿವೆ, ನಡೆಯಬೇಕು, ನಡೆಯುತ್ತೇನೆ, ಬೆರಳು ಮಾತ್ರ ಅಂಚಿನ ಮೇಲೆ ಹೊರಟುಬಿಟ್ಟಿದೆ, ಬಿಸಿ, ಸುಡುತ್ತದೆ, ಒಂದು ಸುತ್ತು ಬಂತು, ದಾಟಿ ಹೋಗಿರಬೇಕು, ಇನ್ನೊಂದು ಸುತ್ತು, ನಿಧಾನ, ಹುಣಸೆ ಬೀಜದಷ್ಟು, ಇಲ್ಲೇ ಎಲ್ಲೋ, ಅಂಚು ನುಣ್ಣಗಿದೆ, ಇನ್ನೊಂದು ಸುತ್ತು, ಅಂಚು, ನುಣ್ಣಗೆ, ಎಲ್ಲೂ ತಗ್ಗಿಲ್ಲ