ಬಿಚ್ಚಿ ಕಟ್ಟುವ ಬೇಡಕ್ಕ

ಹೊಸ ಸಾಫ್ಟ್‌ವೇರ್ ಸಲಕರಣೆಯ ಗುಣಗಾನವನ್ನು ಆಕೆ ಸಂಗೀತ ಕೇಳುವವರ ಹಾಗೆ ಕಣ್ಣುಮುಚ್ಚಿ, ತಲೆದೂಗುತ್ತ, ಮೊಣಕಾಲಿನ ಮೇಲೆ ಬೆರಳು ಬಡಿಯುತ್ತ ಕೇಳುತ್ತಿದ್ದರು; ಹೇಳುವವರ ಉತ್ಸಾಹ ಏರಿ ಏರಿ ಉಸಿರುಗಟ್ಟಿ ನಿಂತಾಗ ಕಣ್ಣು ತೆರೆದು, ಬಹಳ ಅಕ್ಕರೆಯಿಂದ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಚೆನ್ನಾಗಿದೆ. ಬೇಡ ಅನ್ನಿಸಿದ ದಿನ ಇದನ್ನ ತೆಗೆಯೋದು ಹೇಗೆ?"

ಆಫೀಸಿನಲ್ಲಿ ಅವರಿಗೆ 'ಬೇಡಕ್ಕ' ಎಂಬ ಹೆಸರು ಬಿದ್ದದ್ದು ಹೀಗೆ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ತಮ್ಮನಿಗೆ "ನಾನು ಕಣೋ, ಬೇಡಕ್ಕ" ಎಂದು ಹೇಳಿ ತಾವೇ ಬಿದ್ದು ಬಿದ್ದು ನಕ್ಕಿದ್ದರು.

ಐವತ್ತು ದಾಟಿದ ಜೀವ. ಮೊಣಕೈಗೆ ತೇಪೆ ಹಾಕಿದ ಬೂದು ಸ್ವೆಟರು, ಕಿವಿಯ ಹಿಂದೆ ಮೊಂಡು ಪೆನ್ಸಿಲು. ಹಟ್ಟಿಯಲ್ಲಿ ದನಗಳ ಬೆನ್ನು ಸವರುತ್ತ ಹೋಗುವವರಂತೆ, ನಮ್ಮ ಕುರ್ಚಿಗಳ ಬೆನ್ನನ್ನು ಒಂದೊಂದಾಗಿ ಮುಟ್ಟುತ್ತ ನಡೆಯುತ್ತಿದ್ದರು. ಏನನ್ನೇ ಜೋಡಿಸಿದರೂ ಜೋಡಿಸಿದ ದಿನವೇ ಅದನ್ನೊಮ್ಮೆ ಬಿಚ್ಚಿ ತೋರಿಸಬೇಕೆಂಬುದು ಅವರ ಹಟ. ಬಿಚ್ಚಿದ ಮೇಲೂ ಕೆಲಸ ನಡೆದರೆ ಅದು ಹೊರಗೇ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು; ಸಲಕರಣೆಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಮೊದಲ ವಾರ ಮೂರನ್ನು ಜೋಡಿಸಿದೆ, ಮೂರನ್ನೂ ಬಿಚ್ಚಿದೆ. ಎರಡನ್ನು ಮತ್ತೆ ಜೋಡಿಸಬೇಕೆಂದು ನನಗೇ ಅನ್ನಿಸಲಿಲ್ಲ.

ಆ ವರ್ಷ ಹತ್ತನೆಯ ತರಗತಿಯ ಫಲಿತಾಂಶದ ಜಾಲತಾಣ ಕಟ್ಟುವ ಕೆಲಸ ನಮಗೆ ಬಂತು. ಹಿಂದಿನ ವರ್ಷ ಬೇರೆಯವರು ಕಟ್ಟಿದ್ದು ಮೊದಲ ಐದು ನಿಮಿಷದಲ್ಲೇ ಮಲಗಿ, ಲಕ್ಷಾಂತರ ಮಕ್ಕಳು ಸಂಜೆಯವರೆಗೆ ಅತ್ತಿದ್ದರು. ನಮ್ಮ ಯಜಮಾನರು ಬಿಳಿ ಹಲಗೆಯ ಮೇಲೆ ಹನ್ನೊಂದು ಸಲಕರಣೆಗಳ ಚಿತ್ರ ಬಿಡಿಸಿ, ಸೇನೆ ಸಜ್ಜಾಯಿತೆಂಬಂತೆ ಹಿಂದೆ ಸರಿದು ನಿಂತರು.

"ಸಾರ್, ಹತ್ತು ಗಂಟೆಗಿದ್ದ ಅಂಕ ಹತ್ತೂವರೆಗೆ ಬದಲಾಗತ್ತಾ?" ಬೇಡಕ್ಕ ಕೇಳಿದರು.

"ಅದ್ಹೇಗಾಗತ್ತೆ?"

"ಮತ್ತೆ ಲಕ್ಷ ಸಲ ಹೋಗಿ ಡೇಟಾಬೇಸನ್ನ ಯಾಕೆ ಕೇಳ್ಬೇಕು? ಒಂದೊಂದು ಮಗುಗೂ ಒಂದೊಂದು ಪುಟ ಮೊದಲೇ ಮಾಡಿಡೋಣ. ಬಂದೋರಿಗೆ ಎತ್ತಿ ಕೊಟ್ರಾಯ್ತು."

"ಈ ಕಾಲದಲ್ಲಿ ಎಲ್ರೂ ಹೀಗೇ ಕಟ್ಟೋದು ಮೇಡಂ!"

"ಎಲ್ರ ಚಪ್ಪಲಿ ನಮ್ಮ ಕಾಲಿಗಾಗತ್ತಾ ಸಾರ್?" ಎನ್ನುತ್ತ ಸ್ವೆಟರಿನ ತೋಳಿನಿಂದಲೇ ಏಳನ್ನು ಒರೆಸಿಬಿಟ್ಟರು. ಉಳಿದದ್ದು ನಾಲ್ಕು. ಯಜಮಾನರು ನಕ್ಕರು, ಆದರೆ ಬರೆಸಿಕೊಳ್ಳದೆ ಬಿಡಲಿಲ್ಲ: ಜಾಲತಾಣ ಮಲಗಿದರೆ ಬೇಡಕ್ಕ ಕೆಲಸ ಬಿಡತಕ್ಕದ್ದು. ಆಕೆ ಮೊಂಡು ಪೆನ್ಸಿಲಿನಲ್ಲೇ ರುಜು ಹಾಕಿದರು.

ಫಲಿತಾಂಶಕ್ಕೆ ವಾರವಿರುವಾಗ ಪರೀಕ್ಷಿಸಿದೆವು. ಯಂತ್ರದಿಂದಲೇ ಲಕ್ಷಗಟ್ಟಲೆ ಸುಳ್ಳು ವಿದ್ಯಾರ್ಥಿಗಳನ್ನು ನುಗ್ಗಿಸಿದರೂ ಜಾಲತಾಣ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ನನಗೆ ನಮ್ಮೂರಿನ ಶಾಲೆಯ ಜಗಲಿ ಕಣ್ಣಿಗೆ ಕಟ್ಟಿತು: ಒಂದೇ ಫೋನು, ಸುತ್ತ ಮೂವತ್ತು ತಲೆ, ನೂಕಾಟದಲ್ಲಿ ಜಾರುವ ಬೆರಳು.

"ಅಕ್ಕಾ, ಅವಸರದಲ್ಲಿ ತಪ್ಪು ನಂಬರ್ ಹೊಡೆದ್ರೆ?"

ನಮ್ಮ ಸುಳ್ಳು ವಿದ್ಯಾರ್ಥಿಗಳೆಲ್ಲ ಸರಿಯಾದ ನಂಬರನ್ನೇ ಹೊಡೆದಿದ್ದರು. ಪುಟ ಸಿಗದಿದ್ದಾಗ ಮಾತ್ರ ನಮ್ಮ ಪ್ರೋಗ್ರಾಂ ಹೋಗಿ ಡೇಟಾಬೇಸಿನಲ್ಲಿ ಹುಡುಕುತ್ತಿತ್ತು. ತಪ್ಪು ನಂಬರಿನ ಮಕ್ಕಳೆಲ್ಲ ಆ ಒಂದೇ ಕಿಂಡಿಗೆ ಮುಗಿಬೀಳುವವರಿದ್ದರು. ಬೇಡಕ್ಕ ಕುರ್ಚಿಗಳನ್ನು ಮುಟ್ಟುತ್ತ ಒಂದು ಸುತ್ತು ಹಾಕಿ ಬಂದು, ಈ ಬಾರಿ ತಪ್ಪು ನಂಬರುಗಳನ್ನೂ ಬೆರೆಸಿ ನುಗ್ಗಿಸಿದರು. ಎರಡೇ ನಿಮಿಷ, ಜಾಲತಾಣ ಅಂಗಾತ ಬಿತ್ತು.

ಯಜಮಾನರ ಮುಖ ಬಿಳಿಚಿತು. ಬೇಡಕ್ಕ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಇಪ್ಪತ್ತೆಂಟು ವರ್ಷ ಮಣ್ಣು ಹೊತ್ತೆ! ಮಕ್ಕಳು ತಪ್ಪು ಮಾಡ್ತವೆ ಅನ್ನೋದೇ ಮರ್ತಿದ್ದೆ. ಶಹಬ್ಬಾಸ್ ಕಣೇ ಹುಡುಗಿ!"

"ಒರೆಸಿದ್ರಲ್ಲ, ಈಗಲಾದ್ರೂ ಅದರಲ್ಲಿ ಒಂದೆರಡು ವಾಪಸ್ ತರೋಣ ಮೇಡಂ," ಯಜಮಾನರು ಗೋಗರೆದರು.

"ಬೇಡ ಸಾರ್. ಇನ್ನೊಂದನ್ನ ತೆಗೆಯೋಣ. ಪುಟ ಇಲ್ಲ ಅಂದ್ರೆ ಆ ನಂಬರೇ ಇಲ್ಲ ಅಂತ ತಾನೆ? ಹುಡುಕೋದೇನು? ಡೇಟಾಬೇಸಿನ ಬಾಗಿಲು ಹಾಕಿ."

ನಾಲ್ಕು ಮೂರಾಯಿತು. ತಪ್ಪು ನಂಬರಿನವರಿಗೆ ಕಾಣಿಸುವ ಪುಟವನ್ನು ನನ್ನಿಂದಲೇ ಬರೆಸಿದರು: "ಈ ಸಂಖ್ಯೆ ಸಿಗಲಿಲ್ಲ. ಫಲಿತಾಂಶ ಎಲ್ಲಿಗೂ ಹೋಗುವುದಿಲ್ಲ, ನಿಧಾನವಾಗಿ ಇನ್ನೊಮ್ಮೆ ಒತ್ತಿ."

ಫಲಿತಾಂಶದ ದಿನ ಬೆಳಿಗ್ಗೆ ಹತ್ತಕ್ಕೆ ಪ್ರವಾಹ ನುಗ್ಗಿತು. ಯಜಮಾನರು ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದರು. ಬೇಡಕ್ಕ ಮಾತ್ರ ಪರದೆಯ ಮೇಲೆ ಸರಿಯುವ ತಪ್ಪು ನಂಬರುಗಳನ್ನು ಕ್ರಿಕೆಟ್ ನೋಡುವವರಂತೆ ನೋಡುತ್ತ ಕೂತಿದ್ದರು. ಯಾವುದೋ ಮಗು ಒಂದೇ ಅಂಕಿಯನ್ನು ಎಂಟು ಸಲ ತಪ್ಪಾಗಿ ಒತ್ತಿತು. ಅರ್ಧ ನಿಮಿಷ ಸುಮ್ಮನಾಯಿತು. ಒಂಬತ್ತನೆಯ ಸಲ ಪುಟ ತೆರೆಯಿತು. "ಸಿಕ್ತು ಕಣೇ ಪುಣ್ಯಾತ್ಮಂಗೆ!" ಎಂದು ಬೇಡಕ್ಕ ಎದ್ದು ನಿಂತೇಬಿಟ್ಟರು. ಸಂಜೆಯವರೆಗೂ ಜಾಲತಾಣ ಎದ್ದೇ ಇತ್ತು. ಯಜಮಾನರು ರುಜುವಿನ ಹಾಳೆಯನ್ನು ತಾವೇ ಹರಿದು ಬುಟ್ಟಿಗೆ ಹಾಕಿದರು.

ಪ್ರತಿ ಕಸುಬಿನಲ್ಲೂ ಇಂಥವರು ಒಬ್ಬರಾದರೂ ಇರುತ್ತಾರೆ. ಲೋಕ ಅವರನ್ನು ಹಟಮಾರಿಗಳೆಂದು ಬಗೆಯುತ್ತದೆ. ಹೊಸತನ್ನು ಕಂಡರೆ ಆಗದವರೆಂದು ಆಡಿಕೊಳ್ಳುತ್ತದೆ. ಹತ್ತಿರವಿದ್ದವರಿಗೆ ಗೊತ್ತು, ತಮ್ಮ ತಪ್ಪನ್ನು ತೋರಿಸಿದವರ ಮೇಲೆ ಅವರಿಗೆ ಹುಟ್ಟುವ ಪ್ರೀತಿ ಎಂಥದ್ದೆಂದು. ತಾವು ಕಟ್ಟಿದ್ದನ್ನು ತಾವೇ ನಗುನಗುತ್ತ ಬಿಚ್ಚಬಲ್ಲ ಇಂಥವರು ಕಟ್ಟಿದ್ದನ್ನು ನಂಬಿ, ಕಾಣದ ಊರಿನ ಮಗುವೊಂದು ಒಂಬತ್ತನೆಯ ಸಲವೂ ಧೈರ್ಯವಾಗಿ ಬೆರಳು ಒತ್ತಬಹುದು.