ಬಲೂನಿಗೆ ಹಚ್ಚಿದ ನೊರೆ

"ಮೊದಲು ಬಲೂನು," ಅಂದಳು ಮಗಳು, ಕ್ಷೌರದ ಕತ್ತಿಗೆ ಕೈ ಹಾಕಿದ ಅಪ್ಪನಿಗೆ.

ಕುರ್ಚಿಯಲ್ಲಿ ಕೂತಿದ್ದ ನಿವೃತ್ತ ರೈಲ್ವೆ ಗಾರ್ಡ್ ಕತ್ತು ಹೊರಳಿಸಿದರು. "ಮೂವತ್ತು ವರ್ಷದಿಂದ ನನ್ನ ಗಡ್ಡ ಹೆರೆದವನಿಗೇ ಪರೀಕ್ಷೆ ಇಡ್ತೀಯೇನಮ್ಮಾ?"

"ಕಾನೂನು ಮಾಡಿದ್ದು ಅವನೇ ಸಾರ್."

ನಿಜ. ಊದಿದ ಬಲೂನಿಗೆ ನೊರೆ ಹಚ್ಚಿ, ಅದು ಒಡೆಯದಂತೆ ಕತ್ತಿಯಿಂದ ನೊರೆಯನ್ನೆಲ್ಲ ತೆಗೆಯಬೇಕು. ಒಡೆದವರು ಆ ದಿನ ಗಿರಾಕಿಯ ಮುಖ ಮುಟ್ಟುವಂತಿಲ್ಲ. ಕೆಲಸ ಕಲಿಯುವಾಗ ಅವಳು ಮೂರು ಡಜನ್ ಒಡೆದಿದ್ದಳು. ಅಪ್ಪ ಮಾತ್ರ ಇಷ್ಟು ವರ್ಷದಲ್ಲಿ ಯಾರ ಮುಖದಿಂದಲೂ ಒಂದು ಹನಿ ರಕ್ತ ತೆಗೆದವನಲ್ಲ. ಅವನಿಗಿದ್ದ ಜಂಬ ಅದೊಂದೇ.

ಎರಡು ವರ್ಷದಿಂದ ಅವನ ಕೈ, ಹೆಗಲು, ಕತ್ತು ಹೇಳಿದ ಮಾತು ಕೇಳುತ್ತಿರಲಿಲ್ಲ. ಬೀದಿಯವರು ಕುಡಿತ ಅಂದರು. ಡಾಕ್ಟರು ಅವನ ತಾಯಿಯ ಕಾಯಿಲೆ ವಿಚಾರಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಿದುಳಿನಲ್ಲಿ ಒಂದು ಪ್ರೋಟೀನು ಮುದ್ದೆಗಟ್ಟಿ ಕೂತಿದೆ ಅಂದರು. "ಬಾಚದ ಕೂದಲು ಸಿಕ್ಕಾದ ಹಾಗೆ. ಇದಕ್ಕೆ ಬಾಚಣಿಗೆ ಇಲ್ವಾ?" ಎಂದು ಕೇಳಿದ್ದ ಅಪ್ಪ. ಇಲ್ಲವಂತೆ. ತಾಯಿಯಿಂದ ಅವನಿಗೆ ಬಂದ ಹಾಗೆ ಮಗಳಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳು ಪರೀಕ್ಷೆಗೆ ರಕ್ತ ಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ಒಂದು ಬಲೂನು ಹೆರೆದು ತನ್ನ ಕೈ ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಅಪ್ಪ ಕತ್ತಿ ಎತ್ತಿಕೊಂಡ. ಮೊದಲ ಎಳೆತ ಹಳೆಯ ಕೈಯದ್ದೇ. ಗಾರ್ಡ್ ತಲೆದೂಗುವಷ್ಟರಲ್ಲಿ ಅವನ ಮೊಣಕೈ ಜಿಗಿಯಿತು. ಢಬ್. ಗಾರ್ಡರ ಕನ್ನಡಕದ ಮೇಲೆಲ್ಲ ನೊರೆ.

ಅಪ್ಪ ಕತ್ತಿ ಮಡಚಿದ. ಎರಡು ಸಲ ತಪ್ಪಿ, ಮೂರನೆಯ ಸಲ ಮಗಳ ಅಂಗೈಗೆ ಇಟ್ಟ. "ಇವಳ ಹತ್ರ ಮಾಡಿಸ್ಕೊಳ್ಳಿ."

"ನಾಳೆ ಬರ್ತೀನಿ ಬಿಡಪ್ಪ," ಎಂದು ಗಾರ್ಡ್ ಎದ್ದರು.

"ನಾಳೆ ಬಂದ್ರೆ ನನ್ನ ಕೈ ವಾಪಸ್ ಬಂದಿರುತ್ತಾ? ಐದು ನಿಮಿಷ ನಿಂತ್ಕೊಳ್ಳಿ." ಖಾಲಿಯಾದ ಕುರ್ಚಿಯಲ್ಲಿ ಅಪ್ಪ ತಾನೇ ಕೂತ. "ನೊರೆ ಹಚ್ಚು."

"ಅಪ್ಪಾ, ನಿನ್ನ ತಲೆ ನಿಲ್ಲಲ್ಲ."

"ಅದಕ್ಕೇ ಕೂತಿರೋದು. ನಿಂತ ಮುಖ ಯಾರು ಬೇಕಾದ್ರೂ ಹೆರೀತಾರೆ. ಗಟ್ಟಿಯಾಗಿ ಹಿಡೀಬೇಡ, ಜೊತೆಗೆ ಹೋಗು. ನಿನ್ನ ಅಜ್ಜಿಗೆ ನಾನು ಹಾಗೇ ತಿನ್ನಿಸ್ತಿದ್ದೆ."

ಅವಳು ಎಡಗೈಯನ್ನು ಅವನ ಕೆನ್ನೆಗೆ ಆನಿಸಿದಳು. ತಲೆ ಅತ್ತ ಹೋದರೆ ಅವಳೂ ಅತ್ತ ಹೋದಳು. ಅದು ಒಂದು ಗಳಿಗೆ ತಡೆದಾಗ ಬೆರಳಗಲ ಹೆರೆದಳು, ಕತ್ತಿ ಎತ್ತಿದಳು, ಕಾದಳು. ಗಂಟಲ ಹತ್ತಿರ ಬಂದಾಗ ಗಾರ್ಡ್ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ತನ್ನ ಕೈಯನ್ನು ಗಮನಿಸುವುದೇ ಅವಳಿಗೆ ಮರೆತುಹೋಗಿತ್ತು.

ಅಪ್ಪ ಬಿಳಿ ಟವೆಲಿನಿಂದ ಮುಖ, ಕತ್ತು ಒರೆಸಿಕೊಂಡು ಅದನ್ನು ಗಾರ್ಡರ ಮುಂದೆ ಹಿಡಿದ. ಟವೆಲು ಅವನ ಕೈಯಲ್ಲಿ ಬಾವುಟದ ಹಾಗೆ ಅಲ್ಲಾಡುತ್ತಿತ್ತು.

ಗಾರ್ಡ್ ಅದನ್ನು ಬಾಗಿಲ ಬೆಳಕಿಗೆ ಒಯ್ದು ಈ ಕಡೆ ನೋಡಿದರು, ತಿರುಗಿಸಿ ಆ ಕಡೆ ನೋಡಿದರು. ಆಮೇಲೆ ಅದನ್ನೇ ತಮ್ಮ ಕೊರಳಿಗೆ ಸುತ್ತಿಕೊಂಡು, ಅಪ್ಪ ಎದ್ದೇಳಲಿ ಎಂದು ಕುರ್ಚಿಯ ಪಕ್ಕ ಕಾಯುತ್ತ ನಿಂತರು.