ಬ್ರೇಕ್ ಪೈಪಿನ ಕ್ಲಿಪ್ಪು

ಆ ಕಾರಿಗೆ ಕೈಬ್ರೇಕ್ ಇರಲಿಲ್ಲ. ಕೇಬಲ್ ತುಂಡಾಗಿ ವರ್ಷವಾಗಿತ್ತು. ಇಳಿಜಾರಿನಲ್ಲಿ ನಿಲ್ಲಿಸಿದರೆ ಪಕ್ಕದ ಸೀಟಿನವರು ಇಳಿದು ಚಕ್ರಕ್ಕೆ ಇಟ್ಟಿಗೆ ಕೊಡಬೇಕು. ಆ ಇಟ್ಟಿಗೆ ಯಾವಾಗಲೂ ಅತ್ತೆಯ ಕಾಲ ಬಳಿ ಇರುತ್ತಿತ್ತು.

ಅವತ್ತು ಬೆಳಿಗ್ಗೆ ಗಂಡ ಬಾನೆಟ್ ಎತ್ತಿ, ಹೊಸದಾಗಿ ತಂದ ಅಗ್ಗದ ಮೀಟರು ಹಿಡಿದು ನಿಂತಿದ್ದ. ಎಂಜಿನ್ ಎಷ್ಟು ಜೋರಾಗಿ ಗಾಳಿ ಹೀರುತ್ತದೆಂದು ಅದು ತೋರಿಸುತ್ತದೆ. ಸಿಕ್ಕಿಸಲು ಬೇರೆ ಜಾಗ ಕಾಣದೆ ಬ್ರೇಕಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನೇ ಕಿತ್ತಿದ್ದ. ಆ ಪೈಪಿನ ಮೂಲಕ ಎಂಜಿನ್ ಗಾಳಿ ಎಳೆದರೆ ಮಾತ್ರ ಬ್ರೇಕ್ ಪೆಡಲ್ ಹಗುರ; ಇಲ್ಲದಿದ್ದರೆ ಕಲ್ಲು.

“ಬೇಗ ಮುಗಿಸೋ. ಕಣ್ಣಿನ ಡಾಕ್ಟರು ನಿನ್ನ ಮೀಟರು ನೋಡ್ಕೊಂಡು ಕೂತಿರಲ್ಲ,” ಎಂದಳು ಅತ್ತೆ, ಸೀಟಿನಿಂದಲೇ.

ಅವನು ಮೀಟರು ಬಿಚ್ಚಿ ಪೈಪನ್ನು ಮತ್ತೆ ತುರುಕಿದ. ಅದನ್ನು ಬಿಗಿಯುವ ಕ್ಲಿಪ್ಪು ಅವನ ಹಲ್ಲುಗಳ ನಡುವೆ ಇತ್ತು. ಮಾತಾಡಲು ಅದನ್ನು ತೆಗೆದು ಕಾಂಪೌಂಡ್ ಗೋಡೆಯ ಮೇಲಿಟ್ಟ.

“ಮುಳ್ಳು ಒಂಚೂರೂ ನಡುಗಲಿಲ್ಲಮ್ಮ! ನಮ್ಮ ಮುದುಕ ಕಾರಿನ ಎದೆ ಇನ್ನೂ ಗಟ್ಟಿ ಇದೆ.” ಖುಷಿಯಲ್ಲಿ ಬಾನೆಟ್ ದಢಾರನೆ ಮುಚ್ಚಿದ.

“ನಿಮ್ಮ ತಲೆಗೂ ಒಂದು ಮೀಟರು ತರಬೇಕಿತ್ತು,” ಎಂದು ಸ್ಟೀರಿಂಗ್ ಹಿಡಿದು ಕೂತಿದ್ದ ಹೆಂಡತಿ ಗೇರ್ ಹಾಕಿದಳು.

ಬೀದಿ ತಿರುಗಿದರೆ ಉದ್ದ ಇಳಿಜಾರು. ಎಡಬದಿಗೆ ಉದ್ದಕ್ಕೂ ಗೋಡೆ, ತುದಿಯಲ್ಲಿ ಶಾಲೆ. ರಸ್ತೆಯ ಹಂಪಿನ ಮೇಲೆ ಕಾರು ಕುಲುಕಿತು. ಬಾನೆಟ್ ಒಳಗೆ ಏನೋ ಬುಸ್ಸೆಂದಿತು, ಎಂಜಿನ್ ಕೆಮ್ಮತೊಡಗಿತು. ಅವಳು ಬ್ರೇಕ್ ಒತ್ತಿದಳು. ಹಿಡಿಯಿತು. ಬಿಟ್ಟು ಮತ್ತೆ ಒತ್ತಿದಾಗ ಪೆಡಲ್ ಕದಲಲಿಲ್ಲ.

“ಅತ್ತೆ, ಬ್ರೇಕ್ ಹಿಡೀತಿಲ್ಲ.”

“ಬೆಳಬೆಳಗ್ಗೆ ತಮಾಷೆ ಬೇಡ ಕಣೆ.”

“ಅತ್ತೆ!”

ಅತ್ತೆ ಅವಳ ಮುಖ ನೋಡಿದಳು. ಎಡಗೈ ಹೊರಹಾಕಿ ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು. ಕೆಳಗೆ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದರು. ಟೀಚರೊಬ್ಬರು ಕೈ ಅಡ್ಡ ಹಿಡಿದು ನಿಂತಿದ್ದರು. ಸೊಸೆ ಎರಡೂ ಕಾಲಿನಿಂದ ಪೆಡಲ್ ಮೇಲೆ ನಿಂತೇಬಿಟ್ಟಳು. ವೇಗ ತಗ್ಗಿತು, ಆದರೆ ಸಾಲದು. ಹಾರ್ನ್ ಒತ್ತಬೇಕೆಂಬುದೂ ತೋಚಲಿಲ್ಲ. ಸಾಲಿನ ಕೊನೆಯ ಹುಡುಗಿ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದಳು.

“ಗೋಡೆಗೆ ಹಾಕೇ!”

“ಗೋಡೆ ನಿಮ್ಮ ಕಡೆ ಇದೆ ಅತ್ತೆ!”

“ಗೊತ್ತು. ಹಾಕು!”

ಅವಳು ಸ್ಟೀರಿಂಗ್ ತಿರುಗಿಸಿದಳು. ಕಾರು ಗೋಡೆಯನ್ನು ಉದ್ದಕ್ಕೂ ಕೆರೆದುಕೊಂಡು ಹೋಗಿ ಮೂಲೆಗೆ ಬಡಿದು ನಿಂತಿತು. ಎಂಜಿನ್ ಆರಿತು. ನಂತರ, ಯಾರೋ ಮೆಲ್ಲಗೆ ತಳ್ಳಿದಂತೆ, ಮೂಲೆಯಿಂದ ಜಾರಿ ಇಳಿಜಾರಿನಲ್ಲಿ ಮತ್ತೆ ಮುಂದಕ್ಕೆ ಜರುಗತೊಡಗಿತು.

“ಚಕ್ರಕ್ಕೆ ಇಟ್ಟಿಗೆ ಕೊಡೇ,” ಎಂದಳು ಅತ್ತೆ. ಅವಳ ಸೆರಗಿನ ಎಡಭಾಗ ಕೆಂಪಗಾಗಿತ್ತು. ಸೊಸೆ ಅವಳ ಕಾಲ ಬಳಿಯ ಇಟ್ಟಿಗೆ ಎತ್ತಿ, ಇಳಿದು, ಚಕ್ರಕ್ಕೆ ಕೊಟ್ಟಳು.

ಗಂಡ ಮನೆಯಿಂದ ಬರಿಗಾಲಲ್ಲಿ ಓಡಿ ಬಂದ. ಅವನ ಮುಷ್ಟಿಯಲ್ಲಿ ಕ್ಲಿಪ್ಪಿತ್ತು.

ಮಕ್ಕಳಿಗೆ ಏನೂ ಆಗಲಿಲ್ಲ. ಹೋದದ್ದು ಒಂದು ದೀಪ, ಒಂದು ಬಾಗಿಲು, ಅತ್ತೆಯ ಎಡಗೈಯ ಮೂರು ಬೆರಳು.